ಎರಡನೇ ಎಣಿಕೆ

ಆಡಿಟ್ ಎಂಬ ಮಾತು ಕೇಳಿದರೆ ಚಳ್ಳಕೆರೆಯಲ್ಲಿ ಸೊಸೈಟಿ ಕಾರ್ಯದರ್ಶಿಗಳ ಮುಖ ಸಪ್ಪಗಾಗುತ್ತದೆ. ನಮ್ಮಲ್ಲಿ ಸಪ್ಪಗಾಗುವುದು ಎಳೆಯ ಡಾಕ್ಟರುಗಳ ಮುಖ. ನಾನು ಕೆಲಸ ಮಾಡುವ ಆಸ್ಪತ್ರೆಗೆ ಎಂಬಿಬಿಎಸ್ ಮುಗಿಸಿದವರು ಕುಟುಂಬ ವೈದ್ಯರಾಗುವ ತರಬೇತಿಗೆ ಬರುತ್ತಾರೆ. ಅವರಿಗೆ ಕಲಿಸುವುದು, ಕೊನೆಗೆ ಇವರ ಕೈಗೆ ಜನರನ್ನು ಒಪ್ಪಿಸಬಹುದೇ ಎಂದು ನೋಡುವುದು ನನ್ನ ಕೆಲಸ. ನನ್ನಿವಾಳದಲ್ಲಿ ಹುಟ್ಟಿ, ಶೇಂಗಾ ಬಿಡಿಸುತ್ತ ಬೆಳೆದವನು ನಾನು. ಜೊಳ್ಳು ಕಾಯಿ ಯಾವುದೆಂದು ಒಡೆಯದೆಯೇ ಬೆರಳಿಗೆ ಗೊತ್ತಾಗುತ್ತದೆ. ಆದರೆ ನನ್ನ ಬೆರಳನ್ನು ಪರೀಕ್ಷಾ ಮಂಡಳಿ ನಂಬುವುದಿಲ್ಲ. ಅವರಿಗೆ ಆಡಿಟ್ ಬೇಕು.

ಅದು ದೊಡ್ಡ ವಿದ್ಯೆಯೇನಲ್ಲ. ಕಲಿಯುವ ಡಾಕ್ಟರು ತನ್ನ ಕ್ಲಿನಿಕ್ಕಿನ ಒಂದು ಕೆಲಸವನ್ನು ಆರಿಸಿಕೊಳ್ಳಬೇಕು, ಬಿಪಿ ಎಂದಿಟ್ಟುಕೊಳ್ಳಿ. ತನ್ನಲ್ಲಿಗೆ ಬರುವ ಬಿಪಿ ರೋಗಿಗಳಲ್ಲಿ ಎಷ್ಟು ಜನರದು ಹತೋಟಿಯಲ್ಲಿದೆ ಎಂದು ಎಣಿಸಬೇಕು. ಆಮೇಲೆ ಕೆಲಸದ ರೀತಿಯಲ್ಲಿ ಏನಾದರೂ ಬದಲಾಯಿಸಿ, ಕೆಲವು ತಿಂಗಳು ಬಿಟ್ಟು ಮತ್ತೆ ಎಣಿಸಬೇಕು. ಎರಡನೇ ಎಣಿಕೆ ಮೊದಲಿನದಕ್ಕಿಂತ ಚೆನ್ನಾಗಿ ಬಂದರೆ ಡಾಕ್ಟರು ಪಾಸು. ಬಾಯಿಪಾಠ ಒಪ್ಪಿಸಿ ಪಾಸಾಗುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನಾನೂ ನಂಬಿದ್ದೆ. ನಮ್ಮ ಆಸ್ಪತ್ರೆಯ ಡ್ರೈವರ್ ಒಮ್ಮೆ ದಾರಿಯಲ್ಲಿ ಕೇಳಿದ, "ಸಾರ್, ಆಡಿಟ್‌ನಾಗೆ ಲೆಕ್ಕ ತಪ್ಪಿದ್ರೆ ಡಾಕ್ಟ್ರಿಗೂ ಸಸ್ಪೆಂಡಾ?" ಇದು ಜನರ ಲೆಕ್ಕ ಕಣಪ್ಪ, ದುಡ್ಡಿನದಲ್ಲ ಎಂದೆ. "ಹಂಗಾದ್ರೆ ಬಿಡಿ ಸಾರ್, ಹೆಂಗೋ ಸರಿ ಮಾಡ್ಕಂತಾರೆ" ಎಂದು ಅವನು ಗೇರ್ ಬದಲಾಯಿಸಿದ.

ಆ ವರ್ಷ ಇಬ್ಬರಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ದೇವಸಮುದ್ರದ ನಮ್ಮ ಕ್ಲಿನಿಕ್ಕಿನಲ್ಲಿ, ಹುಡುಗಿ ಮೊಳಕಾಲ್ಮುರಿನ ಕ್ಲಿನಿಕ್ಕಿನಲ್ಲಿ. ಇಬ್ಬರೂ ಬಿಪಿಯನ್ನೇ ಆರಿಸಿಕೊಂಡರು. ಹುಡುಗ ತುಮಕೂರಿನವನು, ಇಸ್ತ್ರಿ ಮುರಿಯದ ಅಂಗಿ, ಎಲ್ಲದಕ್ಕೂ ಮೊಬೈಲಿನಲ್ಲಿ ಒಂದು ಚಾರ್ಟು. ಹುಡುಗಿ ದಾವಣಗೆರೆಯವಳು. ಹುಡುಗಿ ಎಂದೆನಲ್ಲ, ಅವಳಿಗೊಂದು ಮಗುವಿತ್ತು. ಗಂಡ ದೂರದ ಊರಿನಲ್ಲಿ ನೌಕರಿಯಲ್ಲಿದ್ದ, ಮಗಳು ದಾವಣಗೆರೆಯಲ್ಲಿ ಅಜ್ಜಿಯ ಹತ್ತಿರ. ಅಲ್ಲಿನದೇ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಕಾದಿರಿಸಿದ್ದರು, ಸರ್ಟಿಫಿಕೇಟು ತಂದ ದಿನದಿಂದ ಸೇರಬಹುದು ಎಂದಿದ್ದರು. ಒಂದು ದಿನ ಊಟ ಮಾಡುತ್ತ, "ಸರ್, ಮಗಳು ಈಗ ಅಜ್ಜಿಗೇ ಅವ್ವ ಅಂತಾಳೆ. ನನ್ನನ್ನ ಫೋನ್ ಅಂತಾಳೆ" ಎಂದು ನಕ್ಕಳು. ನಗುವ ವಿಷಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಒಳ್ಳೆಯ ಡಾಕ್ಟರು. ಇದನ್ನು ನಾನು ಸುಮ್ಮನೆ ಹೇಳುವವನಲ್ಲ. ನನ್ನ ಕೈಕೆಳಗೆ ಬಂದವರಲ್ಲಿ ಹೆಚ್ಚಿನವರನ್ನು ನನ್ನ ಎಮ್ಮೆಗೂ ತೋರಿಸುವುದಿಲ್ಲ. ಮೊದಲ ಎಣಿಕೆ ಮುಗಿಸಿದ ಮೇಲೆ ಅವಳು ಮಾಡಿದ ಬದಲಾವಣೆ ಏನೆಂದರೆ, ಸಂತೆಯ ದಿನ ಬೆಳಗಾಗುತ್ತಲೇ ಕ್ಲಿನಿಕ್ಕಿನ ಬಾಗಿಲು ತೆರೆದಳು. ಹಳ್ಳಿಯವರು ಪೇಟೆಗೆ ಬರುವುದು ಅವತ್ತೇ. ನೇಕಾರರ ಹತ್ತಿರ ಮಗ್ಗದ ವಿಚಾರ, ಕುರಿ ಕಾಯುವವರ ಹತ್ತಿರ ಮೇವಿನ ವಿಚಾರ ಮಾತಾಡಿ, ಮಾತ್ರೆ ಯಾವಾಗ ಮರೆಯುತ್ತಾರೆ ಎಂದು ಮಾತಿನ ನಡುವೆಯೇ ಹೊರಗೆ ಎಳೆಯುತ್ತಿದ್ದಳು. ಮೊಳಕಾಲ್ಮುರು ಕಡೆಯ ಜನಕ್ಕೆ ಅರ್ಧ ಮಾತು ತೆಲುಗು. ಅವಳು ಅದನ್ನೂ ಒಂದಿಷ್ಟು ಕಲಿತಳು. "ಮಾತ್ರಲು ಏಸುಕುಂಟಿವಾ ತಾತಾ?" ಎಂದು ಅವಳು ದಾವಣಗೆರೆಯ ರಾಗದಲ್ಲಿ ಕೇಳಿದರೆ, ಮಾತ್ರೆ ತಗೊಂಡಿರದ ಮುದುಕರೂ ಬಾಯಿ ತುಂಬ ನಕ್ಕು ನಿಜ ಹೇಳುತ್ತಿದ್ದರು.

ಹುಡುಗನ ಬದಲಾವಣೆ ಬೇರೆ ರೀತಿಯದು. ಅವನು ಮೂರು ಬಣ್ಣದ ಮಾರ್ಕರ್ ಪೆನ್ನು ತಂದ. ಬಾಗಿಲಲ್ಲೇ ನರ್ಸು ಬಿಪಿ ನೋಡಿ ರೋಗಿಯ ಅಂಗೈಯ ಹಿಂಭಾಗಕ್ಕೆ ಬೊಟ್ಟು ಇಡಬೇಕು. ಬಿಪಿ ಸರಿಯಿದ್ದರೆ ಹಸಿರು, ಅವರು ಮೊದಲು ಒಳಗೆ. ಸ್ವಲ್ಪ ಏರಿದ್ದರೆ ಹಳದಿ. ತುಂಬ ಏರಿದ್ದರೆ ಕೆಂಪು. ಕೆಂಪಿನವರು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಬೇಕು, ಎಲ್ಲರದೂ ಆದ ಮೇಲೆ ಅವರ ಸರದಿ. ಆಗ ಅವನು ಬಾಗಿಲು ತೆರೆದಿಟ್ಟುಕೊಂಡೇ ಅವರಿಗೆ ಬುದ್ಧಿ ಹೇಳುತ್ತಿದ್ದ. ಉಪ್ಪು ಎಷ್ಟು, ಬೀಡಿ ಎಷ್ಟು, ಮಾತ್ರೆ ಯಾಕೆ ಬಿಟ್ಟೆ, ನಿನ್ನ ಹೆಂಡತಿ ವಿಧವೆಯಾಗಲಿ ಎಂದಾ? ಚೀಟಿಯಲ್ಲಿ ಬರೆದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, "ಚೀಟಿ ಕಳೆದುಕೊಳ್ತಾರೆ ಸರ್. ಕೈ ಕಳೆದುಕೊಳ್ಳಲ್ಲ" ಎಂದ. ಒಳ್ಳೆಯ ಮಾತು ಆಡಿದೆ ಎಂಬ ಸಂತೋಷ ಅವನ ಮುಖದಲ್ಲಿತ್ತು. ಕೈ ತೊಳೆದರೆ ಹೋಗುವ ಬಣ್ಣ, ನಾಚಿಕೆಯಾದರೆ ಮಾತ್ರೆ ನುಂಗುತ್ತಾರೆ ಎಂದೂ ಹೇಳಿದ. ಆಸ್ಪತ್ರೆಯ ಆಡಳಿತದವರು ಇದೇನೋ ಹೊಸತು ಎಂದು ಫೋಟೊ ತೆಗೆಸಿಕೊಂಡರು.

ಪರೀಕ್ಷೆಗೆ ಕೆಲವು ವಾರ ಮುಂಚೆ, ಒಂದು ಸಂತೆಯ ದಿನ ಮೊಳಕಾಲ್ಮುರಿಗೆ ಹೋದೆ. ಹುಡುಗಿಯ ಕ್ಲಿನಿಕ್ಕಿನ ಮುಂದೆ ಜನ ಬೀದಿಯವರೆಗೆ ನಿಂತಿದ್ದರು. ಅವಳು ಬೆವರುತ್ತಿದ್ದಳು, ಖುಷಿಯಾಗಿದ್ದಳು. ಮರದ ನೆರಳಿನಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು ಕೂತಿದ್ದ ಒಬ್ಬ ಕುರಿಗಾಹಿ ತಾತನನ್ನು, ಯಾವೂರು ಎಂದು ಕೇಳಿದೆ. ದೇವಸಮುದ್ರದ ಮಗ್ಗುಲ ಹಟ್ಟಿ ಎಂದ. ಅಲ್ಲೇ ನಮ್ಮ ಕ್ಲಿನಿಕ್ ಇದೆಯಲ್ಲ, ಎರಡು ಬಸ್ ಹತ್ತಿ ಇಲ್ಲಿಗೆ ಯಾಕೆ ಬಂದೆ ಎಂದೆ.

"ಅಲ್ಲಿಗೆ ಹೋಗಲ್ಲ ಸಾರ್" ಎಂದ ತಾತ. "ಆ ಅಬ್ಬಾಯಿ ಕೈಗೆ ಕೆಂಪು ಹಚ್ತಾನೆ. ಸಂತೆಯಾಗೆ ಕಟುಕ್ರು ಕುರಿ ಕೊಂಡ್ ಮ್ಯಾಲೆ ಬೆನ್ನಿಗೆ ಕೆಂಪು ಬಳಿತಾರೆ ನೋಡ್ರಿ. ಬಳಿದ್ ಮ್ಯಾಲೆ ಅದು ನಮ್ಮ ಕುರಿ ಅಲ್ಲ, ಅದರ ಕಡೆ ನಾವು ತಿರುಗಿ ನೋಡಲ್ಲ. ನಮ್ ಸೊಸೆ ನನ್ ಕೈ ನೋಡಿ ಮಖ ತಿರಿಗಿಸಿದ್ಲು. ನಾನಿನ್ನೂ ಬದುಕೀನಿ ಸಾರ್."

ಅವನ ಪಕ್ಕದಲ್ಲಿದ್ದ ಇಬ್ಬರು ಹೆಂಗಸರೂ ಅದೇ ಕಡೆಯವರು. ಸಾಲಿನಲ್ಲಿ ನಡೆಯುತ್ತ ಕೇಳುತ್ತ ಹೋದೆ. ದೇವಸಮುದ್ರದ ಕೆಂಪು ಬೆಂಚು ಎದ್ದು ಮೊಳಕಾಲ್ಮುರಿಗೆ ಬಂದು ಕೂತಿತ್ತು.

ಅಲ್ಲೇ ನಿಂತು ಲೆಕ್ಕ ಹಾಕಿದೆ. ಎಣಿಕೆಯ ನಿಯಮ ಹೀಗಿದೆ: ಈಚಿನ ಮೂರು ತಿಂಗಳಲ್ಲಿ ಯಾರು ಕ್ಲಿನಿಕ್ಕಿಗೆ ಬಂದಿದ್ದಾರೋ ಅವರೇ ನಿನ್ನ ರೋಗಿಗಳು. ಬರುವುದು ಬಿಟ್ಟವರು ಲೆಕ್ಕಕ್ಕಿಲ್ಲ. ಹೊಸದಾಗಿ ಬಂದವರು ಲೆಕ್ಕಕ್ಕಿದ್ದಾರೆ. ಹುಡುಗನ ಎರಡನೇ ಎಣಿಕೆಯಲ್ಲಿ ಉಳಿಯುವವರು ಹಸಿರಿನವರು. ಅವನು ಅಟ್ಟಿದ ಕೆಂಪಿನವರೆಲ್ಲ ಹುಡುಗಿಯ ಎರಡನೇ ಎಣಿಕೆಗೆ ಸೇರುತ್ತಾರೆ. ಅವಳಿಗೆ ಇದನ್ನು ಹೇಳಿದೆ. ಅವಳು ರೋಗಿಯೊಬ್ಬಳ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಲೇ, "ಗೊತ್ತು ಸರ್. ಪರೀಕ್ಷಕರಿಗೆ ವಿವರಿಸಿ ಹೇಳ್ತೀನಿ, ಅರ್ಥ ಮಾಡ್ಕೊಳ್ತಾರೆ" ಎಂದಳು.

ಪರೀಕ್ಷೆ ಚಳ್ಳಕೆರೆಯಲ್ಲೇ, ನಮ್ಮ ಆಸ್ಪತ್ರೆಯ ಮೇಲಿನ ಹಾಲಿನಲ್ಲಿ. ಮುಖ್ಯ ಪರೀಕ್ಷಕರು ಬೆಂಗಳೂರಿನಿಂದ ಬಂದಿದ್ದರು. ನೀಟಾಗಿ ಬಾಚಿದ ಬಿಳಿ ಕೂದಲು, ಮೆಲು ದನಿ. ಜೋರು ದನಿಯವರನ್ನು ನಾನು ಎದುರಿಸಬಲ್ಲೆ, ಮೆಲು ದನಿಯವರು ಎದುರಾದರೆ ನನಗೆ ಬೆನ್ನು ಜುಮ್ಮೆನ್ನುತ್ತದೆ. ಅವರ ಜೊತೆ ಇನ್ನೊಬ್ಬ ಪರೀಕ್ಷಕರಿದ್ದರು. ಮುಖ್ಯರು ತಲೆಯಾಡಿಸಿದಾಗ ತಲೆಯಾಡಿಸುವುದು ಅವರ ಕೆಲಸ. ಕಲಿಸಿದವನೆಂದು ನನಗೂ ಒಂದು ಕುರ್ಚಿ ಹಾಕಿದ್ದರು.

ಮೊದಲು ಹುಡುಗ. ಪರದೆಯ ಮೇಲೆ ಮೊದಲ ಎಣಿಕೆಯ ಕಂಬ ಕುಳ್ಳಗಿತ್ತು, ಎರಡನೆಯದು ಮೇಲಿನ ಗೆರೆ ಮುಟ್ಟುತ್ತಿತ್ತು. ಮುಖ್ಯ ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಬಣ್ಣದ ಬೊಟ್ಟು. ಎಷ್ಟು ಸರಳ, ಎಷ್ಟು ಅಗ್ಗ" ಎಂದರು. ಬರುವುದು ಬಿಟ್ಟವರು ಎಷ್ಟು ಜನ ಎಂದು ನಾನು ಕೇಳಿದೆ. ಹುಡುಗ ಒಂದು ಕ್ಷಣವೂ ತಡಮಾಡದೆ, "ವಲಸೆ ಜನ ಸರ್. ಕುರಿ ಹೊಡೆದುಕೊಂಡು ಹೋಗಿರ್ತಾರೆ" ಎಂದ. ಕುರಿ ಮೊಳಕಾಲ್ಮುರಿನ ಕ್ಲಿನಿಕ್ಕಿಗೆ ಹೊಡೆದುಕೊಂಡು ಹೋಗಿದ್ದಾರೆ ಎಂದೆ. ಯಾರೂ ನಗಲಿಲ್ಲ.

ಆಮೇಲೆ ಅವಳು. ಅವಳ ಎರಡನೇ ಕಂಬ ಮೊದಲಿನದಕ್ಕಿಂತ ಕುಳ್ಳಗಿತ್ತು. ತಾನು ಏನೇನು ಬದಲಾಯಿಸಿದೆ, ಜನ ಯಾಕೆ ಹೆಚ್ಚಿದರು, ಹೊಸಬರು ಎಲ್ಲಿಂದ ಬಂದರು ಎಂದು ಅವಳು ಹೇಳುತ್ತ ಹೋದಳು. ಹಳಬರನ್ನಷ್ಟೇ ಎಣಿಸಿದರೆ ಹತೋಟಿ ಚೆನ್ನಾಗಿದೆ ಎಂದು ಬೇರೆ ಕಂಬವನ್ನೂ ತೋರಿಸಿದಳು. ಮುಖ್ಯ ಪರೀಕ್ಷಕರು ಕೈ ಎತ್ತಿ ನಿಲ್ಲಿಸಿದರು.

"ಅಮ್ಮಾ, ಆಟ ಮುಗಿದ ಮೇಲೆ ನಿಯಮ ಬದಲಾಯಿಸಬಾರದು. ನೀನು ತೋರಿಸುತ್ತಿರುವುದರ ಪ್ರಕಾರ ನಿನ್ನ ಕೈಯಲ್ಲಿ ಜನರ ಬಿಪಿ ಏರಿದೆ. ನೀನು ಈ ಆರು ತಿಂಗಳು ಕ್ಲಿನಿಕ್ಕಿಗೆ ಬೀಗ ಹಾಕಿಕೊಂಡು ಮಲಗಿದ್ದರೆ ಮೊದಲಿನ ಎಣಿಕೆಯಾದರೂ ಉಳಿಯುತ್ತಿತ್ತಲ್ಲ?"

ಇನ್ನೊಬ್ಬ ಪರೀಕ್ಷಕರು ನಕ್ಕರು. ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ನಮ್ಮ ಆಸ್ಪತ್ರೆಯ ಅಟೆಂಡರನೂ ನಕ್ಕ. ಅವಳು ಕಂಬದ ಕಡೆ ತಿರುಗಿ ನಿಂತಳು, ಅಲ್ಲಿ ಓದುವುದೇನೋ ಉಳಿದಿದೆ ಎನ್ನುವ ಹಾಗೆ. ನನಗೆ ಮೈ ಉರಿದುಹೋಯಿತು. ಇವನ ಹಸಿರು ಮತ್ತು ಇವಳ ಕೆಂಪು ಎರಡೂ ಒಂದೇ ಜನರಿಂದ ಆದದ್ದು, ಆ ಜನರನ್ನು ಇವನು ಹೊರಗೆ ಹಾಕಿದ, ಇವಳು ಒಳಗೆ ಕರೆದುಕೊಂಡಳು, ಪಾಸು ಮಾಡುವುದಾದರೆ ಇವಳನ್ನು ಮಾಡಿ ಎಂದು ನೇರವಾಗಿ ಹೇಳಿದೆ. ದನಿ ಏರಿರಬೇಕು, ಕೆಳಗಿನ ಫಾರ್ಮಸಿಯವರು ಮೇಲೆ ಬಂದು ಇಣುಕಿದರು.

ಮುಖ್ಯ ಪರೀಕ್ಷಕರು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. "ಡಾಕ್ಟರೇ, ಪ್ರತಿಯೊಬ್ಬರ ಆಡಿಟ್ ಅವರವರ ಕ್ಲಿನಿಕ್ಕಿನದು. ಪಕ್ಕದ ಕ್ಲಿನಿಕ್ಕಿನ ರೋಗಿಗಳನ್ನು ಸೇರಿಸಿಕೊಂಡದ್ದು ಇವರ ತಪ್ಪು." ಆಮೇಲೆ ಅವಳ ಕಡೆ ತಿರುಗಿ, ಅದೇ ಮೆಲು ದನಿಯಲ್ಲಿ, "ಆರು ತಿಂಗಳು ಕೊಡುತ್ತೇನೆ. ನಿನ್ನ ರೋಗಿಗಳು ಯಾರು ಎಂದು ಮೊದಲು ಗೆರೆ ಹಾಕಿಕೋ. ಆಮೇಲೆ ಎಣಿಸು" ಎಂದರು. ಅವರಿಗೆ ಅದು ದಯೆ ಅನ್ನಿಸಿತ್ತು ಎಂದೇ ನನ್ನ ನಂಬಿಕೆ. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಮಾಡಿಸಿದ್ದರು, ಅವರು ಎರಡು ತಿಂದರು.

ಹುಡುಗ ಪಾಸಾದ. ಅವನ ಬೊಟ್ಟಿನ ಪದ್ಧತಿಯನ್ನು ಎಲ್ಲ ಕ್ಲಿನಿಕ್ಕುಗಳಲ್ಲೂ ತರಬೇಕೆಂದು ಪರೀಕ್ಷಕರು ಬರೆದುಹೋದರು. ಆಡಳಿತದವರಿಗೆ ಇನ್ನೇನು ಬೇಕು, ಅವನನ್ನೇ ಉಳಿಸಿಕೊಂಡು ಗುಣಮಟ್ಟದ ಉಸ್ತುವಾರಿ ಎಂಬ ಹೊಸ ಹುದ್ದೆ ಕೊಟ್ಟರು. ಅವನು ನನಗೆ ಮೊದಲಿಗಿಂತ ಹೆಚ್ಚು ನಮಸ್ಕಾರ ಮಾಡತೊಡಗಿದ. ಮೂರು ಬಣ್ಣದ ಪೆನ್ನು ಚಳ್ಳಕೆರೆಯ ನನ್ನ ಕೋಣೆಯ ಹೊರಗಿನ ಮೇಜಿಗೂ ಬಂತು. ನಾನು ಎತ್ತಿ ಕಸದ ಡಬ್ಬಿಗೆ ಹಾಕಿದೆ, ಮರುದಿನ ಹೊಸದು ಬಂತು. ಮತ್ತೆ ಹಾಕಿದೆ, ಮತ್ತೆ ಬಂತು. ನರ್ಸು, "ಸಾರ್, ನಮ್ಮನ್ನ ಯಾಕೆ ಬೈಸ್ತೀರಾ" ಎಂದು ಕೈಮುಗಿದಳು. ಕೊನೆಗೆ, ನನ್ನ ರೋಗಿಗಳಿಗೆ ಮಾತ್ರ ಹಚ್ಚಬೇಡ ಎಂದು ಅವಳಿಗೆ ಹೇಳಿ ಸುಮ್ಮನಾದೆ.

ಅವಳು ಪರೀಕ್ಷೆಯ ಸಂಜೆ ದಾವಣಗೆರೆಗೆ ಫೋನ್ ಮಾಡಿದ್ದು ನನ್ನ ಕೋಣೆಯಿಂದಲೇ. ಆರು ತಿಂಗಳು ಎಂದು ತಾಯಿಗೆ ಹೇಳಿದಳು. ಕೆಲಸ ಕಾಯ್ದಿರಿಸಿದವರು ಅಲ್ಲಿಯವರೆಗೆ ಕಾಯುತ್ತಾರೆ, ಅದಕ್ಕಿಂತ ಒಂದು ದಿನವೂ ಹೆಚ್ಚು ಕಾಯುವುದಿಲ್ಲ ಎಂದೂ ಹೇಳಿದಳು. ಆಚೆಯಿಂದ ಮಗು ಏನೋ ಕೇಳಿತು. "ಇಲ್ಲ ಪುಟ್ಟಿ, ಇನ್ನೂ ಇಲ್ಲ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವುದಕ್ಕಾದರೂ ಆಗುತ್ತಿತ್ತು.

ಮರುದಿನದಿಂದ ಅವಳು ಗೆರೆ ಹಾಕಿಕೊಂಡಳು. ನಾನು ಇದನ್ನು ತಿಳಿದದ್ದು ತಡವಾಗಿ. ಆ ತಿಂಗಳುಗಳಲ್ಲಿ ನಾನು ಮೊಳಕಾಲ್ಮುರಿಗೆ ಹೋದಾಗಲೆಲ್ಲ ಕ್ಲಿನಿಕ್ಕಿನ ಮುಂದೆ ಜನ ಕಡಿಮೆ ಕಂಡರು, ಮಳೆಗಾಲ, ಬಿತ್ತನೆ ಎಂದುಕೊಂಡೆ. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ತೆಲುಗು ನಿಂತುಹೋಗಿತ್ತು.

ಎರಡನೇ ಸಲ ಅದೇ ಹಾಲು, ಅದೇ ಪರೀಕ್ಷಕರು. ಈ ಸಲ ಅವಳ ಕಂಬ ಮೇಲಿನ ಗೆರೆ ಮುಟ್ಟಿತು. ಹುಡುಗನ ಕಂಬಕ್ಕಿಂತ ಒಂದು ಬೆರಳು ಮೇಲೆಯೇ ಇತ್ತು.

"ನಿನ್ನ ರೋಗಿಗಳು ಯಾರು?" ಎಂದು ಕೇಳಿದರು ಮುಖ್ಯ ಪರೀಕ್ಷಕರು.

"ಮೊಳಕಾಲ್ಮುರು ಪಟ್ಟಣ ಮತ್ತು ಅದರ ಪಕ್ಕದ ಹಳ್ಳಿಗಳವರು ಸರ್. ಬೇರೆ ಕಡೆಯಿಂದ ಬಂದವರನ್ನು ಚಳ್ಳಕೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿಕೊಟ್ಟಿದ್ದೇನೆ."

"ಕಳಿಸಿದವರು ಅಲ್ಲಿಗೆ ತಲುಪಿದರೇ?" ಎಂದು ನಾನು ಕೇಳಿದೆ. ಚಳ್ಳಕೆರೆಯ ದೊಡ್ಡ ಆಸ್ಪತ್ರೆ ಎಂದರೆ ನನ್ನದೇ. ದೇವಸಮುದ್ರದ ಕಡೆಯ ಬಿಪಿಯವರು ಯಾರೂ ನನ್ನ ಹತ್ತಿರ ಬಂದಿರಲಿಲ್ಲ.

ಅವಳು ನನ್ನ ಮುಖ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಬೇಡ ಸರ್, ಇನ್ನೊಂದು ಮಾತು ಕೇಳಬೇಡಿ ಎಂದು ಬೇಡುವ ಹಾಗಿತ್ತು. ಅಷ್ಟರಲ್ಲಿ ಮುಖ್ಯ ಪರೀಕ್ಷಕರು ನಗುತ್ತ, "ಅದು ಇನ್ನೊಂದು ಆಡಿಟ್ಟಿನ ವಿಷಯ ಡಾಕ್ಟರೇ, ಮುಂದಿನ ವರ್ಷ ಯಾರಿಗಾದರೂ ಕೊಡಿ" ಎಂದರು. ಅವಳ ಕಡೆ ತಿರುಗಿ, "ನೋಡಿದೆಯಾ? ನಿನ್ನಲ್ಲಿ ಸಾಮರ್ಥ್ಯವಿತ್ತು. ಹೊರಗೆ ತೆಗೆಯಬೇಕಾಗಿತ್ತು ಅಷ್ಟೆ" ಎಂದರು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಕೆನ್ನೆಗೆ ಬಾರಿಸುವಷ್ಟು ಬಂತು. ಆದರೆ ಎದುರಿಗೆ ನಿಂತದ್ದು ಮಗಳ ಬಾಯಲ್ಲಿ ಒಂದು ಸಲ ಅವ್ವ ಅನ್ನಿಸಿಕೊಳ್ಳಬೇಕು ಎಂದು ಕಾದ ಹೆಣ್ಣು. ಬಾರಿಸಬೇಕಾದ ಕೆನ್ನೆ ಹೋದ ಸಲ ಹೋಳಿಗೆ ತಿಂದದ್ದು, ಅದು ಮೇಜಿನ ಆಚೆ ನಗುತ್ತಿತ್ತು.

ಹೋಗುವ ದಿನ ಅವಳು ನನ್ನ ಕಾಲಿಗೆ ನಮಸ್ಕರಿಸಿದಳು. ಒಳ್ಳೆಯ ಡಾಕ್ಟರಾಗಿರು ಎನ್ನಲು ಬಾಯಿ ಬರಲಿಲ್ಲ, ಆರೋಗ್ಯ ನೋಡಿಕೋ ಎಂದೆ. ಮಗಳಿಗೆಂದು ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೆತಸ್ಕೋಪು ಕೊಂಡು ದಾವಣಗೆರೆ ಬಸ್ ಹತ್ತಿದಳು.

ಅದಾಗಿ ಸ್ವಲ್ಪ ದಿನಕ್ಕೆ ಆ ತಾತ ಚಳ್ಳಕೆರೆಗೆ ಬಂದ. ಬಂದ ಎನ್ನುವುದಕ್ಕಿಂತ, ಅವನ ಸೊಸೆ ಆಟೋದಿಂದ ಇಳಿಸಿ ತಂದಳು ಎನ್ನಬೇಕು. ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಬಲಗಾಲು ಎರಡರಲ್ಲೂ ಜೀವವಿರಲಿಲ್ಲ. ಕಂಬಳಿ ಮಾತ್ರ ಅದೇ ಹೆಗಲ ಮೇಲಿತ್ತು. ಯಾವಾಗ ಹೀಗಾಯಿತು ಎಂದೆ. ಮೊನ್ನೆ ಕುರಿ ಬಿಡುವಾಗ ಬಿದ್ದ ಎಂದಳು ಸೊಸೆ. ಮಾತ್ರೆ ತಗೊಳ್ಳುತ್ತಿದ್ದನೇ ಎಂದು ಕೇಳಿದೆ.

"ಮೊಳಕಾಲ್ಮುರು ಡಾಕ್ಟ್ರಮ್ಮ ಕೊಡೋಗಂಟ ತಗಂತಿದ್ದ ಸಾರ್. ಆಮ್ಯಾಲೆ ಆಯಮ್ಮ, ನೀನು ನಮ್ ಕಡೆಯೋನಲ್ಲ ತಾತ, ಚಳ್ಳಕೆರೆಗೆ ಹೋಗು ಅಂದ್ಲಂತೆ. ಇಷ್ಟು ದೂರ ಯಾರ್ ಬರ್ತಾರೆ. ಕುರಿ ಯಾರ್ ನೋಡ್ತಾರೆ." ಅವಳು ಸೆರಗಿನಿಂದ ಮಾವನ ಬಾಯಿ ಒರೆಸಿದಳು. "ಆದ್ರೂ ಒಳ್ಳೇಕಿ ಸಾರ್ ಆಯಮ್ಮ. ಆ ಹುಡುಗನಂಗೆ ಬೈಲಿಲ್ಲ. ಬಸ್ ಚಾರ್ಜು ತಾನೇ ಕೊಟ್ಲು. ಮಾವ ಹಟ್ಟಿಯಾಗೆ ಎಲ್ಲಾರ್ಗೂ ಹೇಳ್ಕಂಡು ತಿರುಗಿದ, ಎಂಥಾ ಡಾಕ್ಟ್ರಮ್ಮ, ಕೈ ಹಿಡ್ದು ಬಸ್ ತಂಕ ಬಂದ್ಲು ಅಂತ."

ತಾತ ತಲೆಯಾಡಿಸಿದ, ಹೌದು ಎಂಬಂತೆ. ಏನೋ ಹೇಳಲು ನೋಡಿದ, ಮಾತು ಹೊರಡಲಿಲ್ಲ. ನಾನು ಬಿಪಿ ಪಟ್ಟಿ ತೆಗೆದುಕೊಂಡೆ. ಅವನು ಎಡಗೈಯಿಂದ ತನ್ನ ಸತ್ತ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟ. ಅಂಗೈ ಕೆಳಗೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಿಂಭಾಗವನ್ನು ನನ್ನ ಕಡೆ ಚಾಚಿ ಕಾದ. ಏನು ಮಾಡುತ್ತಿದ್ದಾನೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಆಸ್ಪತ್ರೆ ಎಂದರೆ ಮೊದಲು ಹೀಗೆ ಕೈ ಕೊಡಬೇಕು ಎಂದು ದೇವಸಮುದ್ರದಲ್ಲಿ ಅವನಿಗೆ ಕಲಿಸಿದ್ದರು.

ಅವನ ಕೈಯನ್ನು ಮಗುಚಿ ಇಡಬೇಕು ಎಂದು ಬಗ್ಗುವಷ್ಟರಲ್ಲಿ, ಬಾಗಿಲ ಬಳಿ ನಿಂತಿದ್ದ ಹೊಸ ನರ್ಸು ಹತ್ತಿರ ಬಂದಳು. ಆ ವಾರವಷ್ಟೇ ಕೆಲಸಕ್ಕೆ ಸೇರಿದವಳು, ಚುರುಕಿನ ಹುಡುಗಿ. ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡು, "ಕೆಂಪೇ ಅಲ್ವಾ ಸಾರ್?" ಎಂದು ಕೇಳಿದಳು.